ಗೊಂಬೆಗೂ ಒಂದು ತಾರೀಖು ಇರುತ್ತದೆ



ಕಳೆದ ತಿಂಗಳು ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ಅವರ ಕಪಾಟಿನಲ್ಲಿದ್ದ ಸೈನಿಕರ ಗೊಂಬೆಗಳನ್ನು ಓಣಿಯ ಮಕ್ಕಳಿಗೆ ಆಡಲು ಕೊಟ್ಟುಬಿಡೋಣವೆಂದು ಮಕ್ಕಳು ಹೊರಟಿದ್ದರು. ಅದಕ್ಕೆ ಮುಂಚೆ ಒಮ್ಮೆ ನೋಡಿ ಹೇಳಿ ಎಂದು ಅವರ ಶ್ರೀಮತಿಯವರು ನಮ್ಮನ್ನು ಕರೆಸಿದರು. ಇಂಥ ಸಂಗ್ರಹ ಬೇರೆ ಮನೆಗಳಲ್ಲೂ ಇರಬಹುದಾದ್ದರಿಂದ, ನಾವು ನೋಡಿದ ಒಂದು ಗೊಂಬೆಯ ಮೂಲಕ ಪರಿಶೀಲನೆಯ ಕ್ರಮವನ್ನು ತಿಳಿಸುತ್ತಿದ್ದೇವೆ.

ಅದು ಮೊದಲ ಮಹಾಯುದ್ಧದ ಜರ್ಮನ್ ಪೈಲಟ್, ‘ರೆಡ್ ಬ್ಯಾರನ್’ ಎಂದು ಹೆಸರಾದ ಮ್ಯಾನ್‌ಫ್ರೆಡ್ ಫಾನ್ ರಿಕ್ಟ್‌ಹೋಫನ್‌ನ ಗೊಂಬೆ. 80 ವಿಮಾನಗಳನ್ನು ಉರುಳಿಸಿದ ಈತ 1918ರ ಏಪ್ರಿಲ್ 21ರಂದು ಫ್ರಾನ್ಸಿನಲ್ಲಿ ಮಡಿದಾಗ ವಯಸ್ಸು 25.

ಮೊದಲು ಅಳತೆ. ಬಟ್ಟೆ ತೊಡಿಸಿದ, ಕೀಲುಗಳುಳ್ಳ ಇಂಥ ಗೊಂಬೆಗಳು ಸಾಮಾನ್ಯವಾಗಿ ಮನುಷ್ಯನ ಆರನೇ ಒಂದರಷ್ಟು, ಅಂದರೆ ಸುಮಾರು 12 ಅಂಗುಲ ಇರುತ್ತವೆ. 1964ರಲ್ಲಿ ಅಮೆರಿಕದಲ್ಲಿ ಬಂದ ಜಿ.ಐ. ಜೋ ಗೊಂಬೆಯದೂ ಇದೇ ಅಳತೆ.

ಎರಡನೆಯದು ತಾರೀಖು. ಕಡತದಲ್ಲಿ ಸಹಿಗಿಂತ ಮೊದಲು ತಾರೀಖು ನೋಡುವುದು ನಮ್ಮ ಹಳೆಯ ಅಭ್ಯಾಸ. ಇಲ್ಲೂ ಅದೇ ಉಪಯೋಗಕ್ಕೆ ಬಂತು. ಕೊರಳಲ್ಲಿರುವ ನೀಲಿ ಶಿಲುಬೆ ‘ಪುರ್ ಲ ಮೆರಿಟ್’ ಪದಕ. ಅದು ಅವನಿಗೆ ಸಿಕ್ಕಿದ್ದು 1917ರ ಜನವರಿಯಲ್ಲಿ. ಪೆಟ್ಟಿಗೆಯ ಮೇಲೆ 1916 ಎಂದಿದ್ದು ಕೊರಳಲ್ಲಿ ಈ ಪದಕವಿದ್ದರೆ ತಯಾರಕರು ಎಡವಿದ್ದಾರೆ ಎಂದರ್ಥ. ತಲೆಗೆ ಬ್ಯಾಂಡೇಜ್ ಇದ್ದರೆ, ಅದು 1917ರ ಜುಲೈ 6ರಂದು ಅವನ ತಲೆಗೆ ಗುಂಡು ತಗುಲಿದ ನಂತರದ ರೂಪ. ಕೆಂಪು ಮೂರು ರೆಕ್ಕೆಯ ಫೋಕರ್ ವಿಮಾನದ ಚಿತ್ರವಿದ್ದರೆ, ಅದೇ ವರ್ಷದ ಆಗಸ್ಟ್ ಕೊನೆಯ ನಂತರದ್ದು. ಆ ವಿಮಾನವೇ ಅವನ ಗುರುತಾಗಿದ್ದರೂ, 80ರಲ್ಲಿ ಅದರಲ್ಲಿ ಕುಳಿತು ಉರುಳಿಸಿದ್ದು 20ಕ್ಕಿಂತ ಕಡಿಮೆ.

ಅಂಗಿಯ ಎದೆಯಲ್ಲಿ ಎರಡು ಸಾಲು ಗುಂಡಿ ಕಂಡು ತಪ್ಪೆಂದು ತಿಳಿಯಬೇಡಿ. ಆತ ಮೊದಲು ಉಲಾನ್ ಎಂಬ ಕುದುರೆ ಪಡೆಯಲ್ಲಿದ್ದವನು. ಪೈಲಟ್ ಆದ ಮೇಲೂ ಆ ಸಮವಸ್ತ್ರದಲ್ಲಿ ಫೋಟೋ ತೆಗೆಸಿಕೊಂಡಿದ್ದಾನೆ. ಮುಖವನ್ನೂ ಆ ಫೋಟೋಗಳೊಂದಿಗೇ ಹೋಲಿಸಿ ನೋಡಬೇಕು.

ಮೂರನೆಯದು ಈಗಿನ ಸ್ಥಿತಿ. ಕೃತಕ ಚರ್ಮದ ಕೋಟು, ಬೂಟುಗಳು ತೇವದ ಹವೆಯಲ್ಲಿ ಪೆಟ್ಟಿಗೆಯೊಳಗಿದ್ದರೂ ಸಿಪ್ಪೆ ಏಳುತ್ತವೆ; ಕಾಲರ್ ಮತ್ತು ಮೊಣಕೈ ಮಡಿಕೆಗಳನ್ನು ನೋಡಿ. ಬಿಸಿಲು ತಾಗಿದ ಬಟ್ಟೆಯ ಬಣ್ಣ ಮಾಸಿರುತ್ತದೆ. ಕೀಲುಗಳನ್ನು ಬಲವಂತವಾಗಿ ತಿರುಗಿಸಬೇಡಿ. ಮಣಿಕಟ್ಟಿನ ಗೂಟ ಮುರಿದರೆ ಜೋಡಿಸುವುದು ಕಷ್ಟ. ಕನ್ನಡಕ, ಪಿಸ್ತೂಲು, ಬದಲಿ ಕೈಗಳು ಎಲ್ಲವೂ ಇವೆಯೇ ಎಂದು ಪೆಟ್ಟಿಗೆಯ ಚಿತ್ರದೊಂದಿಗೆ ತಾಳೆ ನೋಡಿ. ಖಾಲಿ ಪೆಟ್ಟಿಗೆಯನ್ನೂ ಎಸೆಯಬೇಡಿ. ಕೊಳ್ಳುವವರು ಅದನ್ನೂ ಕೇಳುತ್ತಾರೆ.

ಕೊನೆಯದಾಗಿ ಬೆಲೆ. ಮಾರುವವರು ಕೇಳುವ ಬೆಲೆ ಬೇರೆ, ನಿಜಕ್ಕೂ ಮಾರಾಟವಾದ ಬೆಲೆ ಬೇರೆ. ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ.

ನಾವು ನೋಡಿದ ಗೊಂಬೆಯ ಕಾಲರ್ ಸಿಪ್ಪೆ ಎದ್ದಿತ್ತು, ಬದಲಿ ಕೈಗಳಿರಲಿಲ್ಲ. ಇದ್ದದ್ದನ್ನು ಇದ್ದಂತೆಯೇ ಹೇಳಿದೆವು. ಅಷ್ಟರಲ್ಲಿ ಆ ತಾಯಿ ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದರು. ಗುಂಡಿಗಳ ನಡುವೆ ಎರಡು ಪುಟ್ಟ ಕೈಗಳಿದ್ದವು. ಕಳೆದುಹೋಗಬಾರದೆಂದು ಯಜಮಾನರೇ ಅಲ್ಲಿಟ್ಟಿದ್ದರಂತೆ. ಉಳಿದವುಗಳ ಪಟ್ಟಿ ಮಾಡಿಕೊಡಿ, ಇದೊಂದು ಮನೆಯಲ್ಲೇ ಇರಲಿ ಎಂದರು.

ನಿಮ್ಮ ಮನೆಯಲ್ಲೂ ಇಂಥವಿದ್ದರೆ, ಯಾರಿಗಾದರೂ ಕೊಡುವ ಮುನ್ನ ಸಂಘಕ್ಕೆ ಒಂದು ಮಾತು ತಿಳಿಸಿ.

– ಕಾರ್ಯದರ್ಶಿ