ಗುಡ್ಡದ ಮನೆಗೆ ಟರ್ಫ್ ಅಂಗಣ: ಹುಲ್ಲಿಗಿಂತ ಮೊದಲು ನೀರಿನ ಲೆಕ್ಕ

ಗುಡ್ಡದ ಮನೆಯ ಮಕ್ಕಳಿಗೆ ಆಡುವುದಕ್ಕಿಂತ ಚೆಂಡು ಹುಡುಕುವ ಕೆಲಸವೇ ಹೆಚ್ಚು. ಜೋರಾಗಿ ಒಂದು ಒದೆ ಬಿದ್ದರೆ ಚೆಂಡು ಚಹಾ ತೋಟ ದಾಟಿ ತೋಡಿಗೆ! ನೀಲಗಿರಿಯ ಹಟ್ಟಿಗಳಲ್ಲಾಗಲಿ, ವಯನಾಡಿನ ಕಾಫಿ ತೋಟದ ಮನೆಗಳಲ್ಲಾಗಲಿ ಇದೇ ಕಥೆ. ಕೇರಳದ ಪೇಟೆಗಳಲ್ಲಿ ಟರ್ಫ್ ಮೈದಾನಗಳು ಎದ್ದ ಮೇಲೆ ಮನೆಯ ಹಿಂದೆಯೂ ಅಂಥದ್ದೊಂದು ಬೇಕೆಂಬ ಆಸೆ ಗುಡ್ಡ ಹತ್ತಿದೆ. ಆಸೆ ತಪ್ಪಲ್ಲ. ಆದರೆ ಬಯಲಿನಲ್ಲಿ ಕೆಲಸ ಕೆಟ್ಟರೆ ಹಾಳಾಗುವುದು ಅಂಗಣ ಮಾತ್ರ. ಗುಡ್ಡದಲ್ಲಿ ಕೆಟ್ಟರೆ ಅಪಾಯ ಕೆಳಗಿನ ಮನೆಗೆ.

ಏನಿದು ಟರ್ಫ್?

ಪ್ಲಾಸ್ಟಿಕ್ ಎಳೆಗಳನ್ನು ಬಟ್ಟೆಯಂಥ ತಳಕ್ಕೆ ಹೊಲಿದ ಹಾಸು ಇದು. ಅಮೆರಿಕದ ಹ್ಯೂಸ್ಟನ್ನಿನ ಆಸ್ಟ್ರೋಡೋಮ್ ಕ್ರೀಡಾಂಗಣದ ಛಾವಣಿಯಡಿ ಸಹಜ ಹುಲ್ಲು ಬದುಕದೆ ಹೋದಾಗ, 1966ರಲ್ಲಿ ಅಲ್ಲಿ ಕೃತಕ ಹುಲ್ಲು ಹಾಸಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಪಂದ್ಯಗಳೂ ಇದರ ಮೇಲೆಯೇ ನಡೆದವು.

ಫುಟ್ಬಾಲಿಗೆ 40ರಿಂದ 60 ಮಿಲಿಮೀಟರ್ ಎತ್ತರದ ಎಳೆ ಬೇಕು. ಎಳೆಗಳ ನಡುವೆ ಮರಳು ಮತ್ತು ರಬ್ಬರ್ ಕಾಳು ತುಂಬಬೇಕು. ಟೆನಿಸ್, ಬ್ಯಾಡ್ಮಿಂಟನ್, ಮಕ್ಕಳ ಕ್ರಿಕೆಟ್ ಎಲ್ಲಕ್ಕೂ ಆಗಬೇಕಾದರೆ 15ರಿಂದ 20 ಮಿಲಿಮೀಟರ್ ಸಾಕು, ಮರಳು ಮಾತ್ರ ತುಂಬಿದರಾಯಿತು. ಗುಡ್ಡದ ಮನೆಗೆ ಇದೇ ವಾಸಿ. ರಬ್ಬರ್ ಕಾಳು ಮಳೆಗೆ ಕೊಚ್ಚಿ ತೋಡು ಸೇರುತ್ತದೆ. ಇಂಥ ಕಾಳಿನ ಮಾರಾಟವನ್ನು 2031ರ ಅಕ್ಟೋಬರಿನಿಂದ ನಿಲ್ಲಿಸಲು ಐರೋಪ್ಯ ಒಕ್ಕೂಟ 2023ರಲ್ಲೇ ನಿಯಮ ಮಾಡಿದೆ.

ಎಷ್ಟು ಜಾಗ, ಎಷ್ಟು ಮಣ್ಣು?

ಬ್ಯಾಡ್ಮಿಂಟನ್ ಅಂಕಣದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಸುತ್ತ ಓಡಾಡಲು ಜಾಗ ಬಿಟ್ಟು 60ಕ್ಕೆ 30 ಅಡಿ ಎಂದಿಟ್ಟುಕೊಂಡರೆ 1,800 ಚದರ ಅಡಿ, ಅಂದರೆ ನಾಲ್ಕು ಸೆಂಟ್ಸಿಗಿಂತ ಸ್ವಲ್ಪ ಹೆಚ್ಚು.

ನಾಲ್ಕು ಅಡಿಗೆ ಒಂದು ಅಡಿ ಇಳಿಯುವ ಜಾಗವಾದರೆ, 60 ಅಡಿಯ ಉದ್ದವನ್ನು ಇಳಿಜಾರಿನ ದಿಕ್ಕಿಗೆ ಇಟ್ಟಾಗ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 15 ಅಡಿ ಅಂತರ ಬರುತ್ತದೆ. ಉದ್ದವನ್ನು ಗುಡ್ಡಕ್ಕೆ ಅಡ್ಡಲಾಗಿ, ಚಹಾ ಸಾಲಿನಂತೆ ಇಟ್ಟರೆ ಏಳೂವರೆ ಅಡಿ ಮಾತ್ರ. ಅರ್ಧ ಕಡಿದು ಅರ್ಧ ತುಂಬಿದರೆ ಮೇಲೆ ನಾಲ್ಕು ಅಡಿಯೊಳಗಿನ ಬರೆ, ಕೆಳಗೆ ಅಷ್ಟೇ ಎತ್ತರದ ತಡೆಗೋಡೆ. ಬಿಸಿಲು ಕಣ್ಣಿಗೆ ಹೊಡೆಯದಿರಲು ಅಂಕಣ ಉತ್ತರ-ದಕ್ಷಿಣ ಇರಬೇಕೆನ್ನುತ್ತಾರೆ. ಗುಡ್ಡದಲ್ಲಿ ಆ ಮಾತು ನಡೆಯದು. ಇಲ್ಲಿ ದಿಕ್ಕು ಹೇಳುವುದು ಇಳಿಜಾರು.

2009ರ ನವೆಂಬರಿನಲ್ಲಿ ನೀಲಗಿರಿ, 2018ರ ಆಗಸ್ಟಿನಲ್ಲಿ ಕೊಡಗು, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ-ಚೂರಲ್ಮಲ... ಒಂದೊಂದು ಕುಸಿತಕ್ಕೂ ಅದರದ್ದೇ ಹಿನ್ನೆಲೆ. ಆದರೆ ಎಲ್ಲದರಲ್ಲೂ ಕಂಡದ್ದು ಒಂದೇ: ನೀರು ಕುಡಿದು ಭಾರವಾದ ಮಣ್ಣು. ಗುಡ್ಡದ ಬುಡ ಕಡಿದು, ಸಡಿಲ ಮಣ್ಣನ್ನು ಕೆಳಕ್ಕೆ ಸುರಿದರೆ ಅದೇ ಕೆಲಸಕ್ಕೆ ದಾರಿ ಮಾಡಿಕೊಟ್ಟಂತೆ.

ಅನುಮತಿ ಬೇಕೇ?

ಖಂಡಿತ ಬೇಕು. ನೀಲಗಿರಿಯಲ್ಲಿ ಗುಡ್ಡ ಕಡಿಯಲು ಜೇಸಿಬಿ ತರಬೇಕಾದರೆ ಜಿಲ್ಲಾಡಳಿತದ ಅನುಮತಿ ಇರಬೇಕು. ಕೇರಳದಲ್ಲಿ ಮಣ್ಣು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳಿವೆ; ಗದ್ದೆಯನ್ನು ತುಂಬಿಸಲು 2008ರ ಕಾಯ್ದೆ ಅಡ್ಡ ಬರುತ್ತದೆ. ಜಾಗ ಕುಸಿತದ ಅಪಾಯ ವಲಯದಲ್ಲಿದೆಯೇ ಎಂದು ಪಂಚಾಯತಿನಲ್ಲಿ ಮೊದಲು ಕೇಳಬೇಕು. ಇದೆ ಎಂದಾದರೆ ಆಸೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ನೀರಿನ ಲೆಕ್ಕ

ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 1,800 ಚದರ ಅಡಿ ಎಂದರೆ ಸುಮಾರು 167 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ಸುರಿದರೆ ಅಂಗಣದ ಮೇಲೆ 16,700 ಲೀಟರ್! ಇಷ್ಟು ನೀರು ಎಲ್ಲಿಗೆ ಹೋಗಬೇಕು ಎಂಬುದು ಹುಲ್ಲಿನ ಬಣ್ಣ ಆರಿಸುವುದಕ್ಕಿಂತ ಮೊದಲೇ ನಿರ್ಧಾರವಾಗಬೇಕು.

ಗುಡ್ಡದಿಂದ ಇಳಿದು ಬರುವ ನೀರು ಅಂಗಣಕ್ಕೆ ನುಗ್ಗದಂತೆ ಬರೆಯ ಮೇಲ್ಭಾಗದಲ್ಲೇ ಒಂದು ಚರಂಡಿ ಬೇಕು. ಅಂಗಣಕ್ಕೆ ನೂರು ಅಡಿಗೆ ಒಂದು ಅಡಿಯಷ್ಟು ವಾಟ ಕೊಟ್ಟು, ನೀರನ್ನು ಮೆಟ್ಟಿಲು ಚರಂಡಿಯ ಮೂಲಕ ತೋಡಿಗೆ ಬಿಡಬೇಕು. ದಾರಿಯಲ್ಲಿ ಮರಳು ತಂಗಲು ಒಂದು ಗುಂಡಿ ಇರಲಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಹೊರಬರಲು ತೂತು ಬಿಡಬೇಕು. ತೂತಿಲ್ಲದ ಗೋಡೆ ಅಣೆಕಟ್ಟಾಗುತ್ತದೆ, ಅಣೆಕಟ್ಟಿನ ಭಾರ ಹೊರಲು ಅದನ್ನು ಕಟ್ಟಿರುವುದಿಲ್ಲ. ನೀರು ಉಳಿಸುವ ಉತ್ಸಾಹದಲ್ಲಿ ಕಡಿದಾದ ಅಂಚಿನಲ್ಲಿ ಇಂಗುಗುಂಡಿ ತೋಡುವುದೂ ಅಪಾಯ.

ಹಾಸುವ ಕ್ರಮ

ತುಂಬಿದ ಮಣ್ಣನ್ನು ಆರರಿಂದ ಎಂಟು ಇಂಚಿನ ಪದರಗಳಲ್ಲಿ ದಮ್ಮಾಸು ಮಾಡಬೇಕು. ಗೋಡೆ, ಚರಂಡಿ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಬರಿಯ ಮಣ್ಣು ಕಾಣುವಲ್ಲಿ ಲಾವಂಚ ನೆಡಬಹುದು. ಆಮೇಲೆ ಒಂದು ಮಳೆಗಾಲ ಸುಮ್ಮನೆ ಬಿಡಬೇಕು. ಕುಗ್ಗುವ ಮಣ್ಣು ಕುಗ್ಗಲಿ, ಬಿರುಕು ಬಿಡುವುದಾದರೆ ಆಗಲೇ ಗೊತ್ತಾಗಲಿ. ಮುಂದಿನ ಬೇಸಗೆಯಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ನಾಲ್ಕರಿಂದ ಆರು ಇಂಚು ಜಲ್ಲಿ, ಮೇಲೆ ಜಲ್ಲಿಪುಡಿ, ಕೊನೆಗೆ ಟರ್ಫ್ ಸುರುಳಿ. ಅಂಟು ಹಿಡಿಯಲು ಒಣ ಹವೆ ಬೇಕು. ಮಂಜು ಮುಸುಕಿದ ದಿನ ಅಂಟಿಸಿದ ಜೋಡಣೆ ಬೇಗ ಏಳುತ್ತದೆ.

ಹಾಸಿದ ಮೇಲೆ?

ನೀರು ಹಾಕುವ, ಹುಲ್ಲು ಕತ್ತರಿಸುವ ಕೆಲಸವಿಲ್ಲ ನಿಜ. ಆದರೆ ಮಲೆಯ ತೇವಕ್ಕೆ ಪಾಚಿ ಕಟ್ಟಿ ಜಾರುತ್ತದೆ. ಎಲೆ ಗುಡಿಸಿ, ಗಟ್ಟಿ ಪೊರಕೆಯಿಂದ ಉಜ್ಜುತ್ತಿರಬೇಕು. ಊಟಿ ಕಡೆಯ ಚಳಿಗಾಲದ ಹಿಮವನ್ನು ಕೆರೆಯದೆ ತಾನಾಗಿ ಕರಗಲು ಬಿಡಬೇಕು. ರಾತ್ರಿ ಬಲೆ ಬಿಚ್ಚಿಡಬೇಕು, ಜಿಂಕೆಯ ಕೊಂಬು ಸಿಕ್ಕಿಕೊಂಡೀತು. ಕಾಟಿ, ಹಂದಿ ಬರುವ ಕಡೆ ರಾತ್ರಿಯಾಟ ಬೇಡ. ಎಂಟು-ಹತ್ತು ವರ್ಷದಲ್ಲಿ ಹಾಸು ಸವೆಯುತ್ತದೆ. ಅದನ್ನು ಸುಡಬಾರದು, ಕಣಿವೆಗೆ ಎಸೆಯಲೂ ಬಾರದು.

ಜೋರು ಮಳೆಯಲ್ಲಿ ಅಂಗಣದ ಅಂಚು ಬಿರುಕು ಬಿಟ್ಟರೆ, ಮರ ಅಥವಾ ಗೋಡೆ ವಾಲಿದರೆ, ತಿಳಿಯಾಗಿದ್ದ ಒರತೆ ಕೆಸರಾದರೆ ಟರ್ಫ್ ನೋಡುತ್ತ ನಿಲ್ಲಬಾರದು. ಮನೆಯವರು ಹೊರಡಬೇಕು, ಕೆಳಗಿನ ಮನೆಯವರನ್ನೂ ಕೂಗಿ ಎಬ್ಬಿಸಬೇಕು.

ಇಷ್ಟೆಲ್ಲ ಆಗದು ಎನ್ನುವವರಿಗೂ ದಾರಿಯಿದೆ. ಮೊದಲೇ ಸಮತಟ್ಟಾಗಿರುವ ಕಾಫಿ ಕಣದ ಮೇಲೆ, ಒಣಗಿಸುವ ಕಾಲ ಮುಗಿದ ಬಳಿಕ, ಮಡಚಿಡಬಹುದಾದ ಹಾಸು ಹಾಕಿದರೂ ಆಟ ನಡೆಯುತ್ತದೆ. ಗುಡ್ಡವನ್ನು ಮುಟ್ಟುವ ಪ್ರಮೇಯವೇ ಇಲ್ಲ!