ಮತಗಟ್ಟೆಯ ಮೇಜಿನ ಆಚೆ ಬದಿ

ಶಿವಮೊಗ್ಗದಿಂದ ಸಾಗರದ ಹಾದಿಯಲ್ಲಿರುವ ತ್ಯಾವರೆಕೊಪ್ಪವನ್ನು ನಾಡು ಬಲ್ಲದ್ದು ಹುಲಿ-ಸಿಂಹಧಾಮದಿಂದ. ಆದರೆ ಅಂಥ ಊರುಗಳ ಕುಡಿಯುವ ನೀರು, ಬೀದಿದೀಪ, ಚರಂಡಿಗಳ ಪ್ರಶ್ನೆ ಇತ್ಯರ್ಥವಾಗುವುದು ಗ್ರಾಮ ಪಂಚಾಯಿತಿಯಲ್ಲಿ. ಅಲ್ಲಿ ಗೆದ್ದವರು, ಸೋತವರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ; ಚುನಾವಣೆ ನಡೆಸಿಕೊಡುವ ಮೇಷ್ಟ್ರು, ಗುಮಾಸ್ತರ ಸುದ್ದಿ ಬರುವುದು ವಿರಳ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಈ ಚುನಾವಣೆಗಳ ಹೊಣೆ ರಾಜ್ಯ ಚುನಾವಣಾ ಆಯೋಗದ್ದು. ಮತಗಟ್ಟೆಗಳನ್ನು ನಡೆಸಲು ಮಾತ್ರ ಶಿಕ್ಷಕರು, ಕಚೇರಿ ನೌಕರರೇ ಬೇಕು. ಆದೇಶ ಕೈಸೇರಿದೊಡನೆ ವಿನಾಯಿತಿಗಾಗಿ ವೈದ್ಯಕೀಯ ಪ್ರಮಾಣಪತ್ರ ಹುಡುಕುವ ಸಹೋದ್ಯೋಗಿಗಳನ್ನು ಶಿಕ್ಷಕ ವೃತ್ತಿಯಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಅವರನ್ನು ದೂರುವುದು ಸುಲಭ. ಮುನ್ನಾದಿನ ಮಸ್ಟರಿಂಗ್ ಕೇಂದ್ರದಲ್ಲಿ ಮತಪತ್ರ ಎಣಿಸಿಕೊಂಡು, ಬಸ್ಸಿನಲ್ಲಿ ಹಳ್ಳಿ ಸೇರಿ, ಶಾಲೆಯ ನೆಲದ ಮೇಲೆ ಮಲಗಿ, ಬೆಳಗಿನ 7 ಗಂಟೆಗೆ ಮುನ್ನ ಸಿದ್ಧರಾಗಬೇಕು. ಮಹಿಳೆಯರಿಗಂತೂ ಶೌಚಾಲಯದ್ದೇ ಮೊದಲ ಚಿಂತೆ.

ಆದರೂ ಈ ಕೆಲಸಕ್ಕೆ ತಕ್ಕ ಗೌರವ ಸಿಗಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆಗೆ ಮತಯಂತ್ರ, ಉಳಿದೆಡೆ ಮತಪತ್ರ. ಪಕ್ಷದ ಚಿಹ್ನೆ ಇರುವುದಿಲ್ಲ. ಒಂದೇ ಕ್ಷೇತ್ರದಲ್ಲಿ ಎರಡು, ಮೂರು ಸ್ಥಾನಗಳಿದ್ದರೆ ಮತದಾರರು ಅಷ್ಟು ಮತ ಹಾಕಬಹುದು. ಮೀರಿದರೆ ಮತಪತ್ರ ತಿರಸ್ಕೃತ. 'ಎಷ್ಟು ಒತ್ತಬೇಕಪ್ಪಾ?' ಎಂದು ಕೇಳುವ ಅಜ್ಜಿಗೆ ಎಷ್ಟು ಎಂಬುದನ್ನು ಹೇಳಬಹುದು. ಯಾರಿಗೆ ಎಂಬುದರ ಸುಳಿವನ್ನೂ ಕೊಡಕೂಡದು. ನಿಷ್ಪಕ್ಷಪಾತವೆಂಬ ದೊಡ್ಡ ಮಾತು ಮತಗಟ್ಟೆಯಲ್ಲಿ ಇಷ್ಟು ಸಣ್ಣ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ತನ್ನ ಹೆಸರಿನಲ್ಲಿ ಬೇರಾರೋ ಮತ ಹಾಕಿದ್ದಾರೆಂದು ತಿಳಿದವನು ಸುಮ್ಮನೆ ಮನೆಗೆ ಮರಳಬೇಕಿಲ್ಲ. ಗುರುತು ದೃಢಪಟ್ಟರೆ ಅವನಿಗೆ ಟೆಂಡರ್ ಮತಪತ್ರ ಪಡೆಯುವ ಹಕ್ಕುಂಟು. ಆದರೆ ಆ ಹಕ್ಕನ್ನು ಅಲ್ಲಿ ಅವನಿಗೆ ತಿಳಿಸಬೇಕಾದವರು ಮೇಜಿನ ಆಚೆ ಕುಳಿತವರೇ. ನೂರಿನ್ನೂರು ಮತಗಳಲ್ಲಿ ಅಭ್ಯರ್ಥಿಯ ಹಣೆಬರಹ ನಿರ್ಧಾರವಾಗುವ ಕಡೆ, ಮತಗಳು ಸಮವಾದರೆ ಚೀಟಿ ಎತ್ತುವ ಕಡೆ, ದಣಿದ ಸಿಬ್ಬಂದಿಯ ಒಂದು ಅಲಕ್ಷ್ಯ ಐದು ವರ್ಷಗಳ ಫಲಿತಾಂಶವನ್ನೇ ಬದಲಿಸೀತು.

ಜರ್ಮನಿಯಲ್ಲಿ ಮತಗಟ್ಟೆಯ ಸೇವೆ ಸಾಮಾನ್ಯ ನಾಗರಿಕರ ಗೌರವ ಹುದ್ದೆ. ಅಮೆರಿಕದಲ್ಲಿ ನಿವೃತ್ತರೂ ವಿದ್ಯಾರ್ಥಿಗಳೂ ಹೆಸರು ನೋಂದಾಯಿಸಿ, ತರಬೇತಿ ಪಡೆದು, ದಿನದ ಸಂಭಾವನೆಗೆ ದುಡಿಯುತ್ತಾರೆ. ನಮ್ಮ ಹಳ್ಳಿಗಳ ಜಾತಿ, ಬಂಧುತ್ವ, ಗುಂಪುಗಾರಿಕೆಗಳ ನಡುವೆ ಇದನ್ನು ಹಾಗೆಯೇ ತರುವುದು ಅಪಾಯವೆಂಬ ಆಕ್ಷೇಪ ಸರಿಯೇ. ಸ್ಥಳೀಯರಲ್ಲದ ನಿವೃತ್ತ ನೌಕರರು, ಉಪನ್ಯಾಸಕರು ಸ್ವಇಚ್ಛೆಯಿಂದ ಬರುವ ಪಟ್ಟಿಯೊಂದನ್ನು ಜಿಲ್ಲಾಡಳಿತ ಸಿದ್ಧಪಡಿಸಿದರೆ ಆ ಅಪಾಯ ತಗ್ಗೀತು. ಅದಕ್ಕೂ ಮುನ್ನ ಸಿಬ್ಬಂದಿಗೆ ಮಲಗಲು ಜಾಗ, ಶೌಚಾಲಯ, ಡಿಮಸ್ಟರಿಂಗ್ ಮುಗಿದ ಮೇಲೆ ಮನೆ ಸೇರಲು ವಾಹನ ಒದಗಲಿ. ಇಷ್ಟಾದರೆ, ಆದೇಶ ಬಂದಾಗ ಪ್ರಮಾಣಪತ್ರ ಹುಡುಕುವವರ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ.