ಆಮ್ಲ ತಟಸ್ಥೀಕರಣ ಸಾಮರ್ಥ್ಯ

ಆಮ್ಲ ತಟಸ್ಥೀಕರಣ ಸಾಮರ್ಥ್ಯವು ಆಮ್ಲಶಾಮಕ ಔಷಧದ, ಅಂದರೆ ಆಂಟಾಸಿಡ್‌ನ, ನಿರ್ದಿಷ್ಟ ಪ್ರಮಾಣವೊಂದು ಎಷ್ಟು ಆಮ್ಲವನ್ನು ತಟಸ್ಥಗೊಳಿಸಬಲ್ಲದು ಎಂಬುದನ್ನು ಸೂಚಿಸುವ ಅಳತೆಯಾಗಿದೆ. ಇದನ್ನು ಮಿಲಿಈಕ್ವಿವಲೆಂಟ್‌ಗಳಲ್ಲಿ ಹೇಳುತ್ತಾರೆ. ಜಠರರಸದಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದ ಮಟ್ಟಿಗೆ 1 ಮಿಲಿಈಕ್ವಿವಲೆಂಟ್ ಎಂದರೆ 1 ಮಿಲಿಮೋಲ್ ಎಂದೇ ಅರ್ಥ. ಮಾತ್ರೆಯ ಹೊದಿಕೆಯ ಮೇಲೆ ಮುದ್ರಿತವಾಗಿರುವ ಮಿಲಿಗ್ರಾಂ ತೂಕವನ್ನಷ್ಟೇ ನೋಡಿ ಈ ಸಾಮರ್ಥ್ಯವನ್ನು ಹೋಲಿಸಲಾಗದು.

ತತ್ತ್ವ

ಕ್ಯಾಲ್ಸಿಯಂ ಕಾರ್ಬೊನೇಟಿನ 1 ಮೋಲ್ (100 ಗ್ರಾಂ) ಹೈಡ್ರೋಕ್ಲೋರಿಕ್ ಆಮ್ಲದ 2 ಮೋಲ್‌ಗಳನ್ನು ತಟಸ್ಥಗೊಳಿಸುತ್ತದೆ. ಆದ್ದರಿಂದ 50 ಮಿಲಿಗ್ರಾಂಗೆ 1 ಮಿಲಿಈಕ್ವಿವಲೆಂಟ್. 500 ಮಿಲಿಗ್ರಾಂ ಮಾತ್ರೆಗೆ 10. ಅಷ್ಟೇ ತೂಕದ ಅಡುಗೆ ಸೋಡಾ ತಟಸ್ಥಗೊಳಿಸುವುದು ಸುಮಾರು 6 ಮಾತ್ರ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಸುಮಾರು 17. ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕಾಗದದ ಮೇಲೆ 19 ತೋರಿಸಿದರೂ ಅದರ ಒಣಗಿಸಿದ ರೂಪ ನಿಧಾನವಾಗಿ ವರ್ತಿಸುವುದರಿಂದ ಪ್ರಯೋಗದಲ್ಲಿ ಕಡಿಮೆ ಸಿಗುತ್ತದೆ. ಲೆಕ್ಕದ ಜೊತೆಗೆ ಪ್ರಯೋಗವೂ ಬೇಕಾಗುವುದು ಇದಕ್ಕಾಗಿಯೇ.

ಕಲಬುರಗಿಯ ಕಲ್ಲುಗಳು

ಕಲಬುರಗಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಈ ರಾಸಾಯನಿಕ ಕ್ರಿಯೆ ಕಾಲಡಿಯಲ್ಲೇ ಇದೆ. ಕಲಬುರಗಿ ನಗರದ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಒಂದು ಸುಣ್ಣಕಲ್ಲು. ಅದರ ಮುಖ್ಯ ಖನಿಜವೂ ಕ್ಯಾಲ್ಸಿಯಂ ಕಾರ್ಬೊನೇಟ್. ಶೌಚಾಲಯ ತೊಳೆಯುವ ಆಸಿಡ್ ಈ ಕಲ್ಲಿನ ಮೇಲೆ ಬಿದ್ದರೆ ಬುರುಗೆದ್ದು ಹೊಳಪು ಮಾಸುತ್ತದೆ. ಮಾತ್ರೆಯು ಹೊಟ್ಟೆಯಲ್ಲಿ ಮಾಡುವ ಕೆಲಸವೂ ಅದೇ. ಜಿಲ್ಲೆಯ ದಕ್ಷಿಣಕ್ಕೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು ಹರಡಿದ್ದು, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಸಲು ಇದೇ ಕಾರಣ. ಕಮಲಾಪುರದ ಕಡೆ ಹೋದರೆ ದಖ್ಖನ್ ಪ್ರಸ್ಥಭೂಮಿಯ ಜ್ವಾಲಾಮುಖಿಜನ್ಯ ಶಿಲೆ ಸಿಗುತ್ತದೆ. ಅಲ್ಲಿನ ಕಪ್ಪು ಬಸಾಲ್ಟಿನ ಮೇಲೆ ದುರ್ಬಲ ಆಮ್ಲದ ಹನಿ ಹಾಕಿದರೆ ಬುರುಗು ಬಾರದು. ಆದರೆ ಎರೆಮಣ್ಣಿನಲ್ಲಿ ಸಿಗುವ ಸುಣ್ಣದ ಹರಳು ಬುರುಗೇಳುತ್ತದೆ.

ಬುರುಗು ಕಾರ್ಬೊನೇಟ್ ಇದೆಯೆಂದು ಹೇಳುತ್ತದೆಯೇ ಹೊರತು ಎಷ್ಟಿದೆಯೆಂದು ಹೇಳುವುದಿಲ್ಲ.

ಹಿಮ್ಮುಖ ಟೈಟ್ರೇಷನ್

ನೀರಿನಲ್ಲಿ ಕರಗದ ಮಾತ್ರೆಗೆ ನೇರ ಟೈಟ್ರೇಷನ್ ಹೊಂದುವುದಿಲ್ಲ. ಆದ್ದರಿಂದ ಪುಡಿಗೆ ಅಗತ್ಯಕ್ಕಿಂತ ಹೆಚ್ಚು ಆಮ್ಲ ಬೆರೆಸಿ, ಉಳಿದದ್ದನ್ನು ಕ್ಷಾರದಿಂದ ಅಳೆಯುತ್ತಾರೆ. ಒಂದು ಕಲ್ಪಿತ ಉದಾಹರಣೆ: 500 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆಯೆಂದು ನಮೂದಿಸಿರುವ ಮಾತ್ರೆಯೊಂದನ್ನು ಪುಡಿಮಾಡಿ, 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ 25 ಮಿಲಿಲೀಟರ್ (12.5 ಮಿಲಿಮೋಲ್) ಸೇರಿಸಲಾಯಿತು. ಇಂಗಾಲದ ಡೈಆಕ್ಸೈಡ್ ಹೋಗುವಂತೆ ಕಾಯಿಸಿ ಆರಿಸಿ, ಫಿನಾಲ್ಫ್ತಲೀನ್ ಹಾಕಲಾಯಿತು. ಗುಲಾಬಿ ಬಣ್ಣ ಬರಲು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 27 ಮಿಲಿಲೀಟರ್ ಬೇಕಾಯಿತು.

ಉಳಿದ ಆಮ್ಲ: 27 × 0.1 = 2.7 ಮಿಲಿಮೋಲ್
ತಟಸ್ಥಗೊಂಡ ಆಮ್ಲ: 12.5 − 2.7 = 9.8 ಮಿಲಿಮೋಲ್
ಕಾರ್ಬೊನೇಟ್: 9.8 × 50 = 490 ಮಿಲಿಗ್ರಾಂ

ಅಂದರೆ ನಮೂದಿಸಿದ್ದರ ಶೇ. 98. ಕಾಯಿಸುವ ಹಂತವನ್ನು ಬಿಟ್ಟರೆ ಕರಗಿದ ಅನಿಲವೂ ಕ್ಷಾರವನ್ನು ಬಳಸಿಕೊಂಡು, ಮಾತ್ರೆ ಇರುವುದಕ್ಕಿಂತ ದುರ್ಬಲವೆಂದು ಕಾಣುತ್ತದೆ. ವಿದ್ಯಾರ್ಥಿಗಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಶಹಾಬಾದ್ ಕಲ್ಲಿನ ಪುಡಿಯನ್ನೂ ಇದೇ ಕ್ರಮದಲ್ಲಿ ಅಳೆಯಬಹುದು. ಅದರಲ್ಲಿ ಸಿಲಿಕಾ, ಜೇಡಿ ಸೇರಿರುವುದರಿಂದ ಉತ್ತರ ಕಡಿಮೆ ಬರುತ್ತದೆ, ಮತ್ತು ಅದೇ ಕಾರಣಕ್ಕೆ ಅದನ್ನು ಮಾತ್ರೆಯ ಬದಲು ಸೇವಿಸತಕ್ಕದ್ದಲ್ಲ.

ಅಮೆರಿಕದ ಔಷಧಕೋಶದ ವಿಧಾನದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲದೊಡನೆ 15 ನಿಮಿಷ ಕಲಕಿ, ಪಿಎಚ್ 3.5 ತಲಪುವವರೆಗೆ ಕ್ಷಾರ ಹಾಕುತ್ತಾರೆ. ಆ ದೇಶದ ನಿಯಮದಂತೆ ಆಮ್ಲಶಾಮಕದ ಒಂದು ಪ್ರಮಾಣಕ್ಕೆ ಕನಿಷ್ಠ 5 ಮಿಲಿಈಕ್ವಿವಲೆಂಟ್ ಸಾಮರ್ಥ್ಯವಿರಬೇಕು.

ಮಿತಿಗಳು

ಜಠರವು ಬೀಕರಿನಂತಲ್ಲ. ಬರಿಹೊಟ್ಟೆಯಲ್ಲಿ ಸೇವಿಸಿದ ಔಷಧ ಬೇಗನೆ ಕರುಳಿಗೆ ಜಾರುವುದರಿಂದ ಅದರ ಪರಿಣಾಮ ಒಂದು ಗಂಟೆಯೊಳಗೆ ಮುಗಿಯಬಹುದು; ಊಟದ ನಂತರ ಸೇವಿಸಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕಬ್ಬಿಣದ ಮಾತ್ರೆ ಹಾಗೂ ಟೆಟ್ರಾಸೈಕ್ಲಿನ್ ದೇಹಕ್ಕೆ ಸೇರುವುದನ್ನು ಆಮ್ಲಶಾಮಕಗಳು ತಗ್ಗಿಸುತ್ತವೆ. "ಗ್ಯಾಸ್" ಎಂದು ತಿಳಿದ ಎದೆನೋವು ಹೃದಯಾಘಾತದ್ದೂ ಆಗಿರಬಹುದು. ತೋಳಿಗೆ, ದವಡೆಗೆ ಹರಡುವ ಅಥವಾ ಬೆವರಿನೊಡನೆ ಬರುವ ನೋವಿಗೆ ಮಾತ್ರೆ ನುಂಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.